ಓಗೊಟ್ಟ ಹೆಸರು

ದ್ರಾಕ್ಷಿ ತುಳಿಯುವ ತಿಂಗಳು, ಬಿದಿಗೆ

ಇವತ್ತೂ ಗಡಿಗೆಗೆ ಕಪ್ಪು ಕಲ್ಲೇ ಹಾಕಿದೆ. ನಾನು ಸತ್ತ ದಿನ ಗಡಿಗೆ ಸುರಿದು ನೋಡುವವರು, 'ಅಯ್ಯೋ, ಇವಳಿಗೆ ಒಳ್ಳೆಯ ದಿನ ಅನ್ನೋದೇ ಬರಲಿಲ್ಲವಾ' ಎಂದು ಮೂಗಿನ ಮೇಲೆ ಬೆರಳಿಡಲಿ. ಬಿಳಿ ಕಲ್ಲು ಹಾಕುವಂಥ ದಿನ ಬಂದರೆ ತಾನೇ ಹಾಕುವುದು.

ಬೆಳಿಗ್ಗೆ ರಾಜನ ಕಡೆಯ ಬೀಥಿಸ್ ನಮ್ಮ ಸಂತೆಯೂರಿಗೆ ಬಂದ. ಹಿಂದೆ ಎತ್ತಿನ ಗಾಡಿ, ಗಾಡಿಯ ತುಂಬ ಕಲ್ಲು, ಕಲ್ಲಿನ ಮೇಲೆ ಕೂತು ಒಣ ಅಂಜೂರ ಜಗಿಯುತ್ತಿದ್ದ ಒಬ್ಬ ಗ್ರೀಕ. ಕಲ್ಲು ಕೆತ್ತುವ ಮೇಸ್ತ್ರಿಯಂತೆ, ಹೆಸರು ಹೆರೋಫನ. ಹೆಬ್ರೋಸ್ ನದಿಯಿಂದ ಬೆಟ್ಟಕ್ಕೆ ಹತ್ತುವ ಪ್ರತಿ ಕಣಿವೆಯ ಬಾಯಲ್ಲೂ ಒಂದು ಕಲ್ಲು ನೆಟ್ಟು, 'ಇಲ್ಲಿಂದ ಮೇಲೆ ಇಂಥವರ ಸೀಮೆ' ಎಂದು ಗ್ರೀಕರ ಅಕ್ಷರದಲ್ಲಿ ಕೆತ್ತಬೇಕೆಂದು ರಾಜನ ಅಪ್ಪಣೆಯಾಗಿದೆ. ದುಭಾಷಿ ನಾನು. ಮದ್ಯದ ವ್ಯಾಪಾರಿಯಾಗಿದ್ದ ನನ್ನ ಗ್ರೀಕ ಗಂಡ ತೀರಿಕೊಂಡ ಮೇಲೆ ಈ ಊರಿನಲ್ಲಿ ಎರಡೂ ಕಡೆಯ ಮಾತು ಬಲ್ಲವಳು, ಅಕ್ಷರ ಬಲ್ಲವಳು ನಾನೊಬ್ಬಳೇ.

"ವ್ಯಾಪಾರದೋರಿಗೆ ದಾರಿ ತಿಳೀಲಿ ಅಂತ, ಅಷ್ಟೇ ಕಣಮ್ಮ," ಅಂದ ಬೀಥಿಸ್.

ದಾರಿ ತಿಳಿಯಲಿ ಅಂತಂತೆ! ಬೆಳ್ಳಗಿರುವುದೆಲ್ಲ ಹಾಲಲ್ಲ. ಪಕ್ಕದ ಕಣಿವೆಯಲ್ಲಿ ಹೋದ ವರ್ಷ ಹೀಗೇ ಕಲ್ಲು ನೆಟ್ಟರು. ಹೊಲದಲ್ಲಿದ್ದ ಒಬ್ಬ ಕಿವುಡು ಮುದುಕನನ್ನು 'ನೀವು ಯಾರು' ಎಂದು ಕೇಳಿದರಂತೆ. ಏನು ಬಿತ್ತಿದ್ದೀಯ ಎಂದು ಕೇಳಿದರು ಅಂದುಕೊಂಡು ಅವನು 'ಬ್ರಿಜಾ', ಅಂದರೆ ಕರಿಗೋಧಿ, ಅಂದ. ಆವತ್ತಿನಿಂದ ಆ ಕಣಿವೆಯ ಜನವೆಲ್ಲ ಬ್ರಿಜರು. ನಾವು ಬಿದ್ದು ಬಿದ್ದು ನಕ್ಕೆವು. ಆಮೇಲೆ ವಸಂತದಲ್ಲಿ ರಾಜನ ಡಂಗುರದವನು ಬಂದು ಕಲ್ಲಿನ ಮುಂದೆ ನಿಂತು 'ಬ್ರಿಜರೇ' ಎಂದು ಮೂರು ಸಲ ಕೂಗಿದ. ಅವರು 'ಓ' ಅಂದರು. ಓ ಅಂದವರು ರಾಜನ ಜನ ಎಂದು ಲೆಕ್ಕ; ಹರೆಯದ ಗಂಡಸರೆಲ್ಲ ದಂಡಿಗೆ. ತಿರುಗಿ ಬಂದವರನ್ನು ನಾನಂತೂ ನೋಡಿಲ್ಲ. ಆಗ ನಗು ನಿಂತಿತು.

ಈಗ ನಮ್ಮ ಕಣಿವೆಯ ಸರದಿ. ಮೇಲೆ ಅಣ್ಣ ಡೋಲೆಸ್ ಇದ್ದಾನೆ. ಅಣ್ಣನ ಮನೆಯಲ್ಲಿ ನನ್ನ ಮಗ ಸದಾಲ ಇದ್ದಾನೆ, ಮೊನ್ನೆ ಮೊನ್ನೆ ಮೀಸೆ ಮೂಡಿದವನು. ನನಗಿರುವವನು ಅವನೊಬ್ಬನೇ.

ನಮ್ಮವರಿಗೆ ಹೆಸರೇ ಇಲ್ಲ. ನಾವು 'ನಮ್ಮೋರು', ಮಿಕ್ಕವರು 'ಬೇರೆಯೋರು'. ಇಷ್ಟರಲ್ಲೇ ಇಲ್ಲಿಯವರೆಗೆ ಬದುಕು ನಡೆದಿದೆ. ಗ್ರೀಕರು ನಮ್ಮನ್ನೂ ಬೇರೆಯವರನ್ನೂ ಒಂದೇ ಗೋಣಿಗೆ ತುಂಬಿ ಥ್ರೇಸಿನವರು ಅನ್ನುತ್ತಾರೆ. ಹಾಗೆಂದರೇನು ಎಂದು ಗಂಡನನ್ನು ಒಮ್ಮೆ ಕೇಳಿದ್ದೆ. 'ನೀವೇ' ಅಂದಿದ್ದ.

ಈ ಹಾಳೆಗಳೂ ಅವನು ಬಿಟ್ಟುಹೋದವೇ. ನಮ್ಮ ಮಾತನ್ನು ಗ್ರೀಕರ ಅಕ್ಷರದಲ್ಲಿ ಬರೆಯುತ್ತೇನೆ. ನಮ್ಮೋರಿಗೆ ಅಕ್ಷರ ಬಾರದು, ಗ್ರೀಕರಿಗೆ ಮಾತು ಬಾರದು. ಕದ್ದು ಓದುವವನು ಇನ್ನೂ ಹುಟ್ಟಿಲ್ಲ.

ಚೌತಿ

ಮೇಸ್ತ್ರಿಯ ಮೇಲೆ ಒಂದು ಕಣ್ಣಿಟ್ಟಿದ್ದೇನೆ. ಕಲ್ಲು ಕೆತ್ತುವವನಿಗೆ ಉಳಿ ಸುತ್ತಿಗೆ ಸಾಕು. ಇವನಿಗೆ ಕಥೆ ಬೇಕು. ಒಂದು ಕಣಿವೆಯವರ ಹೆಸರು ಹೇಳಿದರೆ ಕೆತ್ತುವುದು ಬಿಟ್ಟು 'ಆ ಹೆಸರು ಯಾಕೆ ಬಂತು' ಅನ್ನುತ್ತಾನೆ. ನಾನು ಹೇಳಿದ್ದನ್ನೇ ಬಾರ್ಲಿ ಹೆಂಡದ ಅಂಗಡಿಯಲ್ಲಿ ಅರ್ಧಂಬರ್ಧ ಮಾತು, ಕೈಸನ್ನೆ ಸೇರಿಸಿ ಮತ್ತೊಬ್ಬನನ್ನು ಕೇಳುತ್ತಾನೆ. ಅವನು ಹೇಳಿದ್ದನ್ನು ಮೀನು ಮಾರುವವಳ ಹತ್ತಿರ ತಾಳೆ ನೋಡುತ್ತಾನೆ. ಬೀಥಿಸ್ ಬಾಯಿಬಿಟ್ಟು ಕೇಳಲಾಗದ್ದನ್ನು ಇವನ ಬಾಯಿಂದ ಕೇಳಿಸುತ್ತಿದ್ದಾನೆ, ಇನ್ನೇನು?

ಮಧ್ಯಾಹ್ನ ಬಾಗಿಲ ಹೊರಗೆ ನಿಂತು ಕರೆದ. "ಜಿಯಮ್ಮಾ!" ನಾನು ಒಳಗೇ ಇದ್ದೆ. "ಜಿಯಮ್ಮಾ!" ಬೆಣ್ಣೆ ಕಾಯಿಸುತ್ತಿದ್ದೆ. "ಜಿಯಮ್ಮಾ!"

"ಓ," ಅಂದೆ.

"ಒಳಗಿದ್ದೂ ಮೂರು ಸಲ ಕೂಗಿಸ್ಕೊಂಡ್ರಲ್ಲಮ್ಮ. ಕಿವಿ ಮಂದಾನಾ?"

"ಕಿವಿ ನೆಟ್ಟಗೇ ಇದೆ ಮೇಸ್ತ್ರಿ. ಮೊದಲ ಎರಡಕ್ಕೆ ನಮ್ಮೋರು ಓ ಅನ್ನಲ್ಲ. ಕಾಡಲ್ಲಿ ಇರೋ ದೆವ್ವ ಕರೆಯೋದು ಎರಡೇ ಸಲ. ಮೂರನೇ ಸಲ ಕರೆದ್ರೆ ಮನುಷ್ಯರೇ ಅಂತ ಖಾತ್ರಿ. ಅದಕ್ಕೂ ಸುಮ್ಮನಿದ್ರೆ ಕರೆದೋರಿಗೆ ಅವಮಾನ."

"ಭಲೇ!" ಅಂತ ತೊಡೆ ತಟ್ಟಿದ.

ಯಾಕೆ ಹೇಳಿದೆನೋ. ಇನ್ನು ಈ ಮಾತೂ ಬೀಥಿಸ್‌ನ ಕಿವಿಗೆ ಹೋಗುತ್ತದೆ. ಆದರೆ ಇದು ತೊಟ್ಟಿಲಿನಿಂದ ಬಂದ ಅಭ್ಯಾಸ, ಬಚ್ಚಿಟ್ಟರೆ ಎಷ್ಟು ದಿನ ಬಚ್ಚಿಡಲಿ. ನನ್ನ ಗಂಡ, ಪಾಪ, ಊಟಕ್ಕೆ ಕರೆದು ಕರೆದೇ ಗಂಟಲು ಕೆಡಿಸಿಕೊಂಡ. ನಿದ್ದೆಯಲ್ಲಿ ಕರೆದರೂ ಮೂರನೆಯದಕ್ಕೆ ಸರಿಯಾಗಿ ಓ ಅನ್ನುತ್ತಿದ್ದೆನಂತೆ; ಎದ್ದ ಮೇಲೆ ನನಗೆ ನೆನಪೇ ಇರುತ್ತಿರಲಿಲ್ಲ.

ಅವನು ಹೊಳೆಗೆ ಮೈ ತೊಳೆಯಲು ಹೋದಾಗ ಚೀಲ ಬಿಚ್ಚಿ ನೋಡಿದೆ. ಉಳಿಗಳು, ಕೆಮ್ಮಣ್ಣು ಬಳಿದ ನೂಲು, ಅಂಜೂರದ ಸರ. ಬೇರೇನೂ ಇಲ್ಲ. ಇಷ್ಟು ಅಚ್ಚುಕಟ್ಟಾದ ಚೀಲ ಒಳ್ಳೆಯವನ ಹತ್ತಿರ ಇರುತ್ತದೆಯೇ? ಅಡಗಿಸಬೇಕಾದ್ದನ್ನು ಮೊದಲೇ ಎಲ್ಲೋ ಅಡಗಿಸಿದ್ದಾನೆ.

ಅಷ್ಟಮಿ

ಬಿಳಿ ಕಲ್ಲು! ಎಷ್ಟು ದಿನದ ಮೇಲೆ!

ಇಬ್ಬರೂ ಮನೆಗೇ ಬಂದರು. ಮದ್ಯ ಬಗ್ಗಿಸಿ ಕೊಟ್ಟೆ. ಗ್ರೀಕ ನೀರು ಬೆರೆಸಿಕೊಂಡ, ಬೀಥಿಸ್ ಹಾಗೇ ಗಂಟಲಿಗೆ ಸುರಿದುಕೊಂಡ. ಕೊಂಬಿನ ಬಟ್ಟಲು ಕೆಳಗಿಡುತ್ತ ಅಂದ, "ಮೇಲಿನ ಕಣಿವೆಯೋರ ಹೆಸರು ಕೊಡಮ್ಮ. ಕೇಳ್ತಾ ಇದ್ದೀನಿ."

ಧೂರ್ತ. 'ಹೇಳು' ಅನ್ನಲಿಲ್ಲ, 'ಕೊಡು' ಅಂದ. ಈ ಸೀಮೆಯಲ್ಲಿ ಬೇಡುವುದು ನಾಚಿಕೆಯಲ್ಲ. ಬೇಡಿದವನಿಗೆ ಇಲ್ಲ ಅನ್ನುವುದು ನಾಚಿಕೆ. ಕುದುರೆ ಕೇಳಿದರೆ ಕುದುರೆ ಕೊಡಬೇಕು. ಹೆಸರು ಕೇಳಿದರೆ ಹೆಸರು ಕೊಡಬೇಕು. ಇಲ್ಲ ಅಂದಿದ್ದರೆ ಇವಳು ಏನೋ ಮುಚ್ಚಿಡುತ್ತಿದ್ದಾಳೆ ಎಂದು ಅಲ್ಲೇ ಸಿಕ್ಕಿಬೀಳುತ್ತಿದ್ದೆ.

ಗೂಡಿನಲ್ಲಿದ್ದ, ದಿನದ ಕಲ್ಲು ಹಾಕುವ ನನ್ನ ಗಡಿಗೆಯ ಮೇಲೆ ಕಣ್ಣು ಬಿತ್ತು. ಗಡಿಗೆಗೆ ನಮ್ಮೋರು ಜೆತ್ರ ಅನ್ನುತ್ತೇವೆ.

"ಜೆತ್ರರು," ಅಂದೆ.

ಬೀಥಿಸ್ ಹುಬ್ಬು ಗಂಟಿಕ್ಕಿದ. "ಗಡಿಗೆಯೋರಾ?"

"ಹೂಂ. ಮೊದಲನೇ ಮನುಷ್ಯ ಬೆಟ್ಟದ ಮೇಲಿನ ಕೆರೆಯಿಂದ ಗಡಿಗೆಯೊಳಗೆ ಕೂತು ತೇಲ್ಕೊಂಡು ಬಂದ. ಅದಕ್ಕೇ."

"ಕಲ್ಲುಬಂಡೆ ಮೇಲೆ ಬಿದ್ದು ಬರೋ ಹೊಳೆ ಅದು. ಗಡಿಗೆ ಒಡೀಲಿಲ್ವಾ?"

"ಒಡೆದಿದ್ರೆ ನಾನಿಲ್ಲಿ ಕೂತು ನಿಮಗೆ ಮದ್ಯ ಬಗ್ಗಿಸ್ತಿದ್ದೆನಾ?"

ನಕ್ಕುಬಿಟ್ಟ. ಮೇಸ್ತ್ರಿ ಮಾತ್ರ ನಗಲಿಲ್ಲ. ಅವನು ಗೂಡಿನ ಕಡೆ ನೋಡುತ್ತಿದ್ದನೇ? ನೋಡಿದ ಹಾಗಿತ್ತು.

ಹಾವೂ ಸಾಯಬೇಕು, ಕೋಲೂ ಮುರಿಯಬಾರದು. ವಸಂತದಲ್ಲಿ ಡಂಗುರದವನು ಬಂದು ಜೆತ್ರರೇ ಎಂದು ಮೂರು ಸಲ ಕೂಗಲಿ, ಗಂಟಲು ಹರಿಯಲಿ. ಯಾರು ಓ ಅನ್ನುತ್ತಾರೆ? ನಮ್ಮದಲ್ಲದ ಹೆಸರಿಗೆ ಸುಮ್ಮನಿದ್ದರೆ ಅದು ಸುಳ್ಳೂ ಅಲ್ಲ, ಅವಮಾನವೂ ಅಲ್ಲ. ಮೂರು ಸಲಕ್ಕೂ ಯಾರೂ ಓ ಅನ್ನದಿದ್ದರೆ ಅಲ್ಲಿ ಆ ಹೆಸರಿನವರು ಇಲ್ಲವೆಂದು ಕಲ್ಲು ಕಿತ್ತುಕೊಂಡು ಹೋಗುವುದು ಅವರದೇ ಕಟ್ಟಳೆ. ನನ್ನ ಸದಾಲ ಕುರಿ ಕಾಯ್ದುಕೊಂಡು ಬೆಟ್ಟದಲ್ಲೇ ಇರುತ್ತಾನೆ.

ಹುಣ್ಣಿಮೆ

ಕಲ್ಲು ನೆಟ್ಟಾಯಿತು. ಹೊಳೆ ದಾಟುವ ಜಾಗದಲ್ಲಿ, ಸಂತೆ ಮಾಳದ ಎದುರಿಗೇ. ಜೆತ್ರರು ಅಂದದ್ದಕ್ಕೆ ತಮ್ಮದೊಂದು ಬಾಲ ಅಂಟಿಸಿ 'ಜೆತ್ರಾಯೊಯ್' ಎಂದು ಕೆತ್ತಿದ್ದಾನೆ. ಈ ಗ್ರೀಕರು ನಾಯಿಗೆ ಹೆಸರಿಟ್ಟರೂ ಹೆಸರಿಗೊಂದು ಬಾಲ ಬೇರೆ.

ಅಣ್ಣ ಬೆಣ್ಣೆ, ಜೇನು ಹೊತ್ತುಕೊಂಡು ಇಳಿದು ಬಂದಿದ್ದ. ನರಿಯ ಚರ್ಮದ ಟೋಪಿ ಹಿಂದಕ್ಕೆ ತಳ್ಳಿ ಕಲ್ಲಿನ ಸುತ್ತ ಒಂದು ಸುತ್ತು ಹಾಕಿದ.

"ಏನೇ ಜಿಯಾ, ಹೋಗಿ ಹೋಗಿ ಗಡಿಗೆ ಅಂತ ಹೆಸರಿಟ್ಟಿದ್ದೀಯಲ್ಲ. ತೋಳ, ಕರಡಿ ಏನೂ ಸಿಗಲಿಲ್ವಾ?"

"ತೋಳ ಅಂದಿದ್ರೆ ಹುಡುಗರು ಕುಣ್ಕೊಂಡು ಓ ಅಂತಿದ್ರು. ಗಡಿಗೆ ಅಂದ್ರೆ ಯಾವನಪ್ಪ ನಾನೇ ಅಂತ ಮುಂದೆ ಬರ್ತಾನೆ?"

"ತಲೆ ಇದೆ ನಿಂಗೆ," ಅಂದ. ಅವನಿಗೆ ಎಲ್ಲವನ್ನೂ ಬಿಡಿಸಿ ಹೇಳಿದೆ. ನಮ್ಮೋರಿಗೆಲ್ಲ ಹೇಳು, ಮಕ್ಕಳ ಮುಂದೆ ಆಡಬೇಡಿ, ಹೆಂಗಸರ ಮುಂದೆ ಆಡಬೇಡಿ ಅಂದೆ. ಹೂಂ ಅಂದ. ಅವನ ಹೂಂ ಮೇಲೆ ನನಗೆ ನಂಬಿಕೆಯಿಲ್ಲ. ಹೆಂಡ ಒಳಗೆ ಹೋದರೆ ಅವನ ಹೊಟ್ಟೆಯಲ್ಲಿ ಯಾವ ಗುಟ್ಟೂ ನಿಲ್ಲುವುದಿಲ್ಲ.

ಕುರಿ ಇಳಿಯುವ ತಿಂಗಳು, ತದಿಗೆ

ಮೇಸ್ತ್ರಿ ಹೊರಟ. ಹೋಗುವ ಮುಂಚೆ ಬಂದು ಅಂಜೂರದ ಸರವನ್ನು ಜಗಲಿಯ ಮೇಲಿಟ್ಟ.

"ಜೆತ್ರ ಅನ್ನೋ ಹೆಸರು ಎಲ್ಲಿಂದ ಬಂತು ಅಂತ ನಂಗೊತ್ತು ಜಿಯಮ್ಮ. ಹೇಳುವಾಗ ನೀವು ಗೂಡಿನ ಕಡೆ ನೋಡಿದ್ರಿ."

"ಮತ್ತೆ ಬೀಥಿಸ್‌ಗೆ ಹೇಳಲಿಲ್ವಾ?"

"ನಂಗೆ ಕೂಲಿ ಕೆತ್ತೋದಕ್ಕೆ, ಹೇಳೋದಕ್ಕಲ್ಲ. ಆದ್ರೆ ಒಂದು ಮಾತು, ಕೋಪ ಮಾಡ್ಕೋಬೇಡಿ. ನಾನು ಕೆತ್ತಿರೋ ಹೆಸರಲ್ಲಿ ಅರ್ಧ ಪಕ್ಕದೂರೋರು ಬೈದಿದ್ದು, ಇನ್ನರ್ಧ ಯಾರೋ ತಪ್ಪು ಕೇಳಿಸ್ಕೊಂಡಿದ್ದು. ಮತ್ತೆ ಆ ದಾರೀಲಿ ಹೋದಾಗ ಕೇಳ್ತೀನಿ, ಅದೇ ಹೆಸರಿಗೆ ಒಂದು ಹಾಡು ಕಟ್ಕೊಂಡಿರ್ತಾರೆ. ಅದಕ್ಕೇ ನಾನು ಹೋದಲ್ಲೆಲ್ಲ ಕೇಳೋದು. ನಿಮ್ಮ ಗಡಿಗೇನ ಹುಷಾರಾಗಿ ನೋಡ್ಕೊಳ್ಳಿ."

ಇದು ಬೆದರಿಕೆಯೋ ಬುದ್ಧಿಮಾತೋ? ಬಾಯಿ ಮುಚ್ಚಿಕೊಂಡಿದ್ದಕ್ಕೆ ಮುಂದೆ ಏನನ್ನು ಕೇಳುತ್ತಾನೋ. ಅಂಜೂರ ಯಾಕೆ ಕೊಟ್ಟ? ಒಂದನ್ನು ಕತ್ತೆಗೆ ಹಾಕಿ ನೋಡಿದೆ. ಸಂಜೆಯವರೆಗೂ ಕತ್ತೆ ಚೆನ್ನಾಗಿಯೇ ಇತ್ತು. ಆದರೂ ನಾನು ಮುಟ್ಟಲಿಲ್ಲ, ತೊಲೆಗೆ ನೇತುಹಾಕಿದ್ದೇನೆ.

ಹಿಮದ ತಿಂಗಳು, ಪಂಚಮಿ

ಯಾರೋ ಬಾಯಿಬಿಟ್ಟಿದ್ದಾರೆ.

ಇವತ್ತು ಸಂತೆಯಲ್ಲಿ ಕರಾವಳಿಯ ವ್ಯಾಪಾರಿಯೊಬ್ಬ ನೇರವಾಗಿ 'ಜೆತ್ರರ ಜೇನು ಇದೆಯಾ' ಎಂದು ಕೇಳಿದ. ಆ ಹೆಸರು ಕಲ್ಲಿನ ಮೇಲೆ ಇರಬೇಕಾದದ್ದು, ಜನರ ಬಾಯಲ್ಲಿ ಹೇಗೆ ಬಂತು? ಮಡಕೆ ಬಾಯಿ ಮುಚ್ಚಬಹುದು, ಮನುಷ್ಯರ ಬಾಯಿ ಮುಚ್ಚೋಕಾಗಲ್ಲ ಅನ್ನುವುದು ಸುಮ್ಮನೆಯೇ? ಮೀನಿನವಳ ಮೇಲೆ ನನಗೆ ಅನುಮಾನ. ಅಣ್ಣನ ಮೇಲೂ ಇದೆ. ಮೇಸ್ತ್ರಿಯೇ ದಾರಿಯುದ್ದಕ್ಕೂ ಸಾರಿಕೊಂಡು ಹೋದನೋ ಏನೋ.

ಆ ವ್ಯಾಪಾರಿ ಕೊನೆಗೆ ಬ್ರಿಜರ ಜೇನು ಕೊಳ್ಳಲು ಹೊರಟಿದ್ದ. ಅದಕ್ಕೆ ನೀರು ಬೆರೆಸುತ್ತಾರೆ, ಜೇನು ಅಂದರೆ ಜೆತ್ರರದ್ದು, ಗಡಿಗೆಯ ಬಾಯಿಗೆ ಮೇಣ ಮೆತ್ತಿರುತ್ತೇವೆ, ನೋಡಿಕೊಂಡು ಹೋಗು ಎಂದು ಕೂಗಿ ಕರೆದೆ. ಎಲ್ಲವನ್ನೂ ಕೊಂಡ. ನಾಲ್ಕು ಜನಕ್ಕೆ ಹೇಳುತ್ತ ಹೋದ.

ಅಂತೂ ಬಾಯಿಬಿಟ್ಟವರು ಯಾರೆಂದು ಪತ್ತೆ ಹಚ್ಚದೆ ಬಿಡುವವಳಲ್ಲ ನಾನು.

ಹುಣ್ಣಿಮೆ

ಚಿಕ್ಕವ್ವನಿಗೆ ಮೈಯಲ್ಲಿ ನೆಟ್ಟಗಿಲ್ಲವೆಂದು ಹಿಮದಲ್ಲೇ ಕಣಿವೆ ಹತ್ತಿ ಹೋಗಿ ಬಂದೆ. ಮುದುಕಿ ಒಲೆಯ ಪಕ್ಕ ಕಂಬಳಿ ಹೊದ್ದು ಕೂತು ಮಕ್ಕಳಿಗೆ ಕಥೆ ಹೇಳುತ್ತಿದ್ದಳು.

"ಗಡಿಗೇಲಿ ಬಂದೋರು ಒಬ್ಬರಲ್ಲ, ಇಬ್ಬರು. ಅಣ್ಣ, ತಂಗಿ. ದಡಕ್ಕೆ ಬಡಿದಾಗ ಗಡಿಗೆ ಹಿಡಿಯೋ ಕಿವಿ ಒಂದು ಮುರೀತು. ಅದಕ್ಕೇ ನೋಡಿ, ನಮ್ಮೋರ ಗಡಿಗೆಗೆ ಒಂದೇ ಕಿವಿ."

"ಚಿಕ್ಕವ್ವ, ಅದು ನಾನು ಹುಟ್ಟಿಸಿದ ಕಥೆ," ಅಂದೆ ಮೆಲ್ಲಗೆ.

"ಹೋಗೇ! ನೀನು ಹುಟ್ಟೋ ಮುಂಚೆ ನಮ್ಮಜ್ಜಿ ಹೇಳಿದ್ದು. ದೊಡ್ಡ ಬುದ್ಧಿವಂತೆ ಬಂದ್ಲು, ಕಥೆ ಹುಟ್ಟಿಸ್ತಾಳಂತೆ!"

ಮಕ್ಕಳೆಲ್ಲ ನಕ್ಕರು. ಮನೆಗೆ ಬಂದು ನನ್ನ ಗಡಿಗೆ ನೋಡಿದೆ. ನಿಜ, ಒಂದೇ ಕಿವಿ. ಕೆಳಗಿನವರ ಗಡಿಗೆಗಳಿಗೆ ಎರಡಿರುತ್ತವೆ. ಇಷ್ಟು ವರ್ಷ ನೋಡಿಯೂ ನೋಡಿರಲಿಲ್ಲ. ಆವತ್ತು ಬೀಥಿಸ್‌ನ ಮುಂದೆ ಆ ಮಾತು ಅಷ್ಟು ಸಲೀಸಾಗಿ ನಾಲಿಗೆಗೆ ಬಂದದ್ದಾದರೂ ಎಲ್ಲಿಂದ? ಚಿಕ್ಕಂದಿನಲ್ಲಿ ಕೇಳಿ ಮರೆತಿದ್ದೆನೇನೋ. ಚಿಕ್ಕವ್ವ ಸುಳ್ಳು ಹೇಳುವವಳಲ್ಲ.

ಅಮಾವಾಸ್ಯೆ

ಹಿಮ ಬೀಳುತ್ತಲೇ ಇದೆ. ದಂಡಿಗೆ ಹೋಗುವ ವಯಸ್ಸು ದಾಟಿದ ಬ್ರಿಜರವನೊಬ್ಬ ಹೆಂಡದಂಗಡಿಯ ಮುಂದೆ 'ಮಣ್ಣಿನ ಗಡಿಗೆಯೋರು, ಮುಟ್ಟಿದ್ರೆ ಒಡೀತಾರೆ' ಎಂದು ಹಂಗಿಸಿದ. ಜೆತ್ರರ ಸುದ್ದಿಗೆ ಬಂದರೆ ಹಲ್ಲು ಉದುರಿಸ್ತೀನಿ ಅಂದೆ. ಬಾಯಿ ಮುಚ್ಚಿಕೊಂಡು ಹೋದ. ಬಿಳಿ ಕಲ್ಲು.

ಕರಡಿ ಏಳುವ ತಿಂಗಳು, ಏಕಾದಶಿ

ಡಂಗುರದವನು ಕೆಳಗಿನ ಊರಿಗೆ ಬಂದಿದ್ದಾನಂತೆ. ನಾಡಿದ್ದು ಸಂತೆಯ ದಿನ ನಮ್ಮ ಕಲ್ಲಿನ ಮುಂದೆ ಕೂಗುತ್ತಾನೆ. ಬೀಥಿಸ್ ಜೊತೆಯಲ್ಲೇ ಇದ್ದಾನೆ, ಕುದುರೆಯವರೂ ಇದ್ದಾರೆ. ಎಲ್ಲರೂ ಬೆಟ್ಟದಲ್ಲೇ ಉಳಿದರೆ ಓಡಿಹೋದರೆಂದು ಕುದುರೆಯವರನ್ನು ಹತ್ತಿಸುತ್ತಾರೆ. ಹಾಗಾಗಿ ಯಾವತ್ತಿನಂತೆ ಸಂತೆಗೆ ಇಳಿಯಿರಿ, ಯಾವತ್ತಿನಂತೆ ಮಾರಿ, ಕೂಗಿದಾಗ ಸುಮ್ಮನಿರಿ ಎಂದು ಹೇಳಿ ಕಳಿಸಿದ್ದೆ. ಅಣ್ಣನೂ ಸದಾಲನೂ ಇವತ್ತೇ ಇಳಿದು ಬಂದರು.

ಅಣ್ಣನ ಮುಖ ಸಪ್ಪಗಿತ್ತು. "ಮೂರನೇ ಸಲ ನಮ್ಮ ಹೆಸರು ಕೂಗಿದಾಗ ಸುಮ್ಮನೆ ಹೇಗೆ ನಿಂತ್ಕೊಳ್ಳೋದೇ?"

"ನಮ್ಮ ಹೆಸರಲ್ಲ ಕಣೋ ಅದು!"

"ಹಂಗಾದ್ರೆ ನಮ್ದು ಯಾವ್ದು?"

ಅಷ್ಟರಲ್ಲಿ ಸದಾಲ ಕೈ ತೊಳೆಯಲು ಅಂಗಿಯ ತೋಳು ಮೇಲಕ್ಕೆ ಸರಿಸಿದ. ಹಸಿ ಹಚ್ಚೆ. ಒಂದು ಗಡಿಗೆ, ಒಂದೇ ಕಿವಿ.

"ಯಾರೋ ನಿಂಗೆ ಇದನ್ನ ಹಾಕ್ಸ್ಕೊ ಅಂದಿದ್ದು?"

"ಎಲ್ಲರೂ ಹಾಕ್ಸ್ಕೊಂಡಿದ್ದಾರವ್ವ."

"ದಂಡಿಗೆ ಹೋಗೋ ಆಸೆನಾ? ಹೇಳು, ಆಸೆನಾ?"

"ಆಸೆ ಅಲ್ಲ. ಆದ್ರೆ ಕರೆದಾಗ ಮೂಲೆ ಸೇರಿದ್ರು ಅಂತ ಬ್ರಿಜರು ಹಾಡು ಕಟ್ತಾರೆ. ಅದು ಹೇಗೆ ಕೇಳೋದು?"

ಕೈಗೆ ಸಿಕ್ಕ ಸೌಟಿನಿಂದ ನಾಲ್ಕು ಬಿಟ್ಟೆ. ಆಮೇಲೆ ಅವನ ತೋಳು ಹಿಡಿದುಕೊಂಡು ಅತ್ತೆ. ಅವನೂ ಅತ್ತ, ಆದರೆ ತೋಳು ಉರಿಯುತ್ತಿದ್ದದ್ದಕ್ಕೋ ಏನೋ.

ಸುಮ್ಮನಿರುತ್ತೇವೆಂದು ಇಬ್ಬರಿಂದಲೂ ಭಾಷೆ ತೆಗೆದುಕೊಂಡೆ. ಸಾಲದು. ಇವರಲ್ಲಿ ಒಬ್ಬನನ್ನೂ ನಂಬುವಂತಿಲ್ಲ. ಅಣ್ಣನಿಗೆ ಮರ್ಯಾದೆಯ ಚಿಂತೆ, ಮಗನಿಗೆ ಹಾಡಿನ ಚಿಂತೆ, ಮಿಕ್ಕವರಿಗೆ ತೊಟ್ಟಿಲಿನ ಅಭ್ಯಾಸ. ಮೂರನೆಯದಕ್ಕೆ ಯಾವನಾದರೂ ಒಬ್ಬ ಓ ಅಂದೇ ಅನ್ನುತ್ತಾನೆ. ತೊಲೆಯ ಕಡೆ ನೋಡಿದಾಗ ದಾರಿ ಹೊಳೆಯಿತು. ಮೇಸ್ತ್ರಿ ಬಿಟ್ಟುಹೋದ ಅಂಜೂರ. ಕೂಗುವ ಹೊತ್ತಿಗೆ ನಮ್ಮೋರೆಲ್ಲರ ಬಾಯಿಗೂ ಎರಡೆರಡು ತುರುಕಿಬಿಡುವುದು. ಬಾಯಿ ತುಂಬಿದ ಮೇಲೆ ಓ ಅನ್ನು ಅಂದರೂ ಆಗುವುದಿಲ್ಲ.

ತ್ರಯೋದಶಿ

ಆದದ್ದನ್ನು ಆದ ಹಾಗೆ ಬರೆಯುತ್ತೇನೆ.

ಸಂತೆ ತುಂಬಿತ್ತು. ಡಂಗುರದವನು ಹೊಳೆ ದಾಟುತ್ತಿದ್ದಾನೆ ಅನ್ನುವಾಗಲೇ ನಾನು ಮಾಳದಲ್ಲಿ ಒಂದು ಸುತ್ತು ಬಂದು ಅಂಜೂರ ಹಂಚಿದೆ. ಬಾಯಿ ತೆಗೆಸಿ ನಾನೇ ಇಟ್ಟೆ. ಅಣ್ಣನಿಗೆ ಮೂರು ಇಟ್ಟೆ. ಸದಾಲನ ಬಾಯಿಗೆ ಇಟ್ಟು ಕೆನ್ನೆ ಒತ್ತಿ ನೋಡಿದೆ. ಚಿಕ್ಕವ್ವ ಹಲ್ಲಿಲ್ಲ ಅಂದಳು, ಚೀಪುತ್ತಿರು ಅಂದೆ. ಕೊನೆಗೆ ಒಂದೇ ಉಳಿಯಿತು. ಅದನ್ನು ಚೀಲಕ್ಕೆ ಹಾಕಿಕೊಂಡೆ. ನನಗೆ ಯಾಕೆ ಬೇಕು? ನನ್ನ ಬಾಯಿಯ ಮೇಲೆ ನನಗೆ ನಂಬಿಕೆಯಿದೆ.

ಆಮೇಲೆ ಜೇನಿನ ಗಡಿಗೆಗಳ ಮುಂದೆ ಕೂತು ಎಲ್ಲರ ಬಾಯಿಯ ಮೇಲೂ ಕಣ್ಣಿಟ್ಟೆ. ಅಣ್ಣನ ಮೇಲೆ, ಸದಾಲನ ಮೇಲೆ, ಹಚ್ಚೆಯ ಹುಡುಗರ ಮೇಲೆ.

ಡಂಗುರ ಬಡಿಯಿತು. "ಜೆತ್ರರೇ!"

ಯಾರೂ ಮಿಸುಕಲಿಲ್ಲ. ಮೀನಿನವಳು ನನ್ನ ಕಡೆ ಓರೆಗಣ್ಣಲ್ಲಿ ನೋಡಿದಳು. ಇವಳೇ ಏನೋ ಮಾಡುತ್ತಾಳೆ ಅಂದುಕೊಂಡೆ.

"ಜೆತ್ರರೇ!"

ಸದಾಲನ ಕೆನ್ನೆ ಅಲುಗಿತು. ಉಗುಳುತ್ತಾನೆಯೇ? ಜೀವ ಕೈಯಲ್ಲಿ ಹಿಡಿದುಕೊಂಡು ಅವನನ್ನೇ ನೋಡುತ್ತಿದ್ದೆ. ಅವನನ್ನು ಬಿಟ್ಟು ಜಗತ್ತಿನಲ್ಲಿ ನನಗೆ ಬೇರೇನೂ ಕಾಣುತ್ತಿರಲಿಲ್ಲ.

"ಜೆತ್ರರೇ!"

"ಓ!"

ಯಾವ ಪಾಪಿ ಅಂದದ್ದು ಎಂದು ತಿರುಗಿ ನೋಡಿದೆ. ಹೆಂಗಸಿನ ದನಿ. ಮೀನಿನವಳ ಕಡೆ ನೋಡಿದೆ, ಅವಳು ಬಾಯಿ ಮುಚ್ಚಿ ನಿಂತಿದ್ದಳು. ಚಿಕ್ಕವ್ವ ಅಂಜೂರ ಚೀಪುತ್ತಿದ್ದಳು. ಅಣ್ಣನ ಕಡೆ ನೋಡಿದೆ. ಕೆನ್ನೆ ಎರಡೂ ಊದಿಸಿಕೊಂಡು, ಕಣ್ಣು ಇಷ್ಟಗಲ ಬಿಟ್ಟುಕೊಂಡು ಅವನು ನನ್ನನ್ನೇ ನೋಡುತ್ತಿದ್ದ. ಅವನ ಹಿಂದಿನವನೂ. ಅವನ ಪಕ್ಕದವಳೂ. ಸಂತೆ ಮಾಳದಲ್ಲಿದ್ದ ಅಷ್ಟೂ ಊದಿದ ಕೆನ್ನೆಗಳು ನನ್ನ ಕಡೆಗೇ ತಿರುಗಿದ್ದವು.

ನನ್ನ ಬಾಯಿ ಇನ್ನೂ ದುಂಡಗೆ ತೆರೆದೇ ಇತ್ತು.

"ಹೆಂಗಸಾದ್ರೇನು, ಓ ಅಂದಾಯ್ತು. ಜೆತ್ರರು ಇದ್ದಾರೆ," ಅಂದ ಡಂಗುರದವನು. ಬೀಥಿಸ್ ಕುದುರೆಯ ಮೇಲಿಂದಲೇ ನಕ್ಕ. "ಕೇಳಿದಾಗ ಹೆಸರೂ ಕೊಟ್ಟೆ, ಕರೆದಾಗ ಓ ಅಂತಲೂ ಅಂದೆ. ದೊಡ್ಡ ಮನಸ್ಸು ಕಣಮ್ಮ ನಿಂದು."

ಸದಾಲ ಅಂಜೂರ ಉಗುಳಿ, ಬಾಯಿ ಒರೆಸಿಕೊಂಡು ಮುಂದೆ ಬಂದ. ಹಚ್ಚೆಯ ಹುಡುಗರೆಲ್ಲ ಅವನ ಹಿಂದೆ ಬಂದರು.

"ಅವ್ವ, ಅಳಬೇಡ," ಅಂದ. "ನೀನು ಅನ್ನದಿದ್ರೆ ನಾನೇ ಅಂತಿದ್ದೆ."

ಅದು ನಿಜವೋ, ನನ್ನ ಸಮಾಧಾನಕ್ಕೆ ಹೇಳಿದ ಸುಳ್ಳೋ. ಬಾಯಲ್ಲಿ ಎರಡು ಅಂಜೂರ ಇಟ್ಟುಕೊಂಡವನು ಹೇಗೆ ಅನ್ನುತ್ತಿದ್ದ? ಈ ತಿಂಗಳುಗಳಲ್ಲಿ ಎಲ್ಲರನ್ನೂ ಅನುಮಾನಿಸಿದೆ. ಕಲ್ಲು ಕೆತ್ತಿದವನನ್ನು, ಮೀನು ಮಾರುವವಳನ್ನು, ಒಡಹುಟ್ಟಿದವನನ್ನು, ಹೆತ್ತ ಮಗನನ್ನು. ನನ್ನನ್ನೊಬ್ಬಳನ್ನು ಬಿಟ್ಟು.

ಹುಣ್ಣಿಮೆ

ಬೆಳಿಗ್ಗೆ ಹೊರಟರು. ಹೊಸ ಚರ್ಮದ ಗುರಾಣಿಗಳ ಮೇಲೆ ಒಂದೇ ಕಿವಿಯ ಗಡಿಗೆ ಬರೆದುಕೊಂಡಿದ್ದರು. ಚಿಕ್ಕವ್ವ ಪ್ರತಿಯೊಬ್ಬನ ಹಣೆ ಮುಟ್ಟಿ, "ಗಡಿಗೇಲಿ ಬಂದೋರು ಮುಳುಗಲ್ಲ," ಅಂದಳು.

ಸದಾಲ ತನ್ನ ದಿನದ ಕಲ್ಲುಗಳನ್ನು ಗಡಿಗೆಯಲ್ಲಿ ಹಾಕುವ ಬದಲು ಬತ್ತಳಿಕೆಯಲ್ಲಿ ಇಟ್ಟುಕೊಂಡಿದ್ದ. ದಂಡಿಗೆ ಹೋಗುವವರು ಹಾಗೇ ಮಾಡುವುದು. ನನ್ನ ಮುಂದೆಯೇ ಇವತ್ತಿನ ಕಲ್ಲು ಹಾಕಿದ. ಬಿಳಿಯದು. ನನಗೆ ತೋರಿಸಲಿಕ್ಕೆ ಹಾಕಿದನೋ, ಮನಸ್ಸಿನಿಂದ ಹಾಕಿದನೋ, ಕೇಳಲಿಲ್ಲ.

ಹೊಳೆ ದಾಟಿ, ಹೆಸರು ಕೆತ್ತಿದ ಆ ಕಲ್ಲನ್ನು ದಾಟಿ ಹೋಗುವವರೆಗೂ ನಿಂತಿದ್ದೆ. ಆಮೇಲೆ ತಡೆಯಲಾಗಲಿಲ್ಲ.

"ಸದಾಲಾ!"

ಅವನು ತಿರುಗಲಿಲ್ಲ.

"ಸದಾಲಾ!"

ತಿರುಗಲಿಲ್ಲ. ಆದರೆ ಹೆಜ್ಜೆ ನಿಧಾನವಾಯಿತು. ತಲೆ ಒಂದಿಷ್ಟು ಓರೆಯಾಯಿತು. ಕಾಯುತ್ತಿದ್ದ. ತೊಟ್ಟಿಲಿನಲ್ಲಿ ನಾನೇ ಕಲಿಸಿದ್ದು.

ಮೂರನೆಯದು ಬಾಯಿಯವರೆಗೂ ಬಂತು. ಕೂಗಿದ್ದರೆ ಓ ಅನ್ನುತ್ತಿದ್ದ, ತಿರುಗಿ ನನ್ನ ಬಳಿ ಬರುತ್ತಿದ್ದ. ದಂಡಿನ ಸಾಲು ಬಿಟ್ಟು ತಿರುಗಿದವನನ್ನು ಕುದುರೆಯವರು ಅಲ್ಲೇ ಈಟಿಯಿಂದ ತಿವಿಯುತ್ತಾರೆ.

ಚೀಲಕ್ಕೆ ಕೈ ಹಾಕಿದೆ. ಆ ಒಂದು ಅಂಜೂರ ಇತ್ತು. ಬಾಯಿಗೆ ತುರುಕಿಕೊಂಡೆ.